ಮೊದಲು ಗಾಳಿ ನೋಡು, ಆಮೇಲೆ ದೀಪ

ತಮ್ಮಾ, ವಿದ್ಯುತ್ ಗುತ್ತಿಗೆದಾರನ ಲೈಸೆನ್ಸ್ ಕೈಗೆ ಬಂತು, ಬ್ಯಾಡಗಿಯ ಮೆಣಸಿನಕಾಯಿ ಕಾರ್ಖಾನೆಯೊಂದರ ಹಳೇ ದೀಪ ತೆಗೆದು ಎಲ್‌ಇಡಿ ಹಾಕುವ ಕೆಲಸವೂ ಬಂತು ಅಂತ ನಿಮ್ಮಪ್ಪ ಹೇಳಿದ. ಕೇಳಿ ಬಹಳ ಸಂತೋಷವಾಯಿತು. ಕೊಟೇಶನ್ ಬರೆಯಲು ಕೂಡುವ ಮುಂಚೆ ಈ ಕಾಕಾನ ಮಾತು ಒಂದಿಷ್ಟು ಕೇಳು. ರಾಣೆಬೆನ್ನೂರಿನ ಜಿನ್ನಿಂಗ್ ಮಿಲ್ಲುಗಳಲ್ಲಿ, ಹಾವೇರಿ, ಬ್ಯಾಡಗಿಯ ಗೋದಾಮುಗಳಲ್ಲಿ ವೈರ್ ಎಳೆಯುತ್ತಲೇ ನನ್ನ ಆಯುಷ್ಯ ಹೋಗಿದೆ. ಅಲ್ಲಿ ಕಲಿತದ್ದನ್ನು ನಿನಗೆ ಹೇಳದೆ ಇನ್ಯಾರಿಗೆ ಹೇಳಲಿ?

ಅಂಗಡಿಯವರು ನಿನ್ನನ್ನು ಮೊದಲು ಕೇಳುವುದು ಎಷ್ಟು ವಾಟ್, ಎಷ್ಟು ಪೀಸ್ ಎಂದು. ಮಾಲೀಕರು ಕೇಳುವುದು ತಿಂಗಳಿಗೆ ಬಿಲ್ ಎಷ್ಟು ಇಳಿಯುತ್ತದೆ ಎಂದು. ಎರಡೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ನೀನು ಕೇಳಬೇಕಾದದ್ದು ಅವೆರಡಕ್ಕೂ ಮೊದಲಿನದು: ಈ ದೀಪ ತೂಗುವ ಕೋಣೆಯ ಗಾಳಿಯಲ್ಲಿ ಏನಿದೆ? ಬ್ಯಾಡಗಿಯಲ್ಲಿ ಒಂದೇ ಕಾಂಪೌಂಡಿನೊಳಗೆ ನಾಲ್ಕು ಬಗೆಯ ಗಾಳಿ ಸಿಗುತ್ತದೆ. ಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವ ಹೆಣ್ಣುಮಕ್ಕಳು ಕೂಡುವ ಕಟ್ಟೆಯಲ್ಲಿ ಬರೀ ಘಾಟು. ಖಾರದ ಪುಡಿ ಮಾಡುವಲ್ಲಿ ತೇಲುವ ದೂಳು. ಬಣ್ಣದ ಎಣ್ಣೆ ತೆಗೆಯುವಲ್ಲಿ ದ್ರಾವಕದ ಆವಿ. ಕೋಲ್ಡ್ ಸ್ಟೋರೇಜಿನ ಯಂತ್ರದ ಕೋಣೆಯಲ್ಲಿ ಅಮೋನಿಯಾ. ಎಲ್ಲದಕ್ಕೂ ಒಂದೇ ಮಾದರಿಯ ದೀಪ ಬರೆದುಕೊಟ್ಟರೆ ಕೊಟೇಶನ್ ಬೇಗ ಮುಗಿಯುತ್ತದೆ, ಆದರೆ ಅಲ್ಲಿ ದುಡಿಯುವವರಿಗೆ ಅದು ಅನ್ಯಾಯ.

ಎಣ್ಣೆ ತೆಗೆಯುವ ಕೋಣೆಯಿಂದಲೇ ಶುರು ಮಾಡೋಣ, ಏಕೆಂದರೆ ಅಲ್ಲಿ ತಪ್ಪಿದರೆ ತಿದ್ದಿಕೊಳ್ಳಲು ಅವಕಾಶವಿಲ್ಲ. ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಖಾರ ಕಡಿಮೆ, ಬಣ್ಣ ಗಾಢ. ಆ ಬಣ್ಣಕ್ಕಾಗಿಯೇ ಬಣ್ಣದ ಎಣ್ಣೆ ತೆಗೆಯುವ ಓಲಿಯೋರೆಸಿನ್ ಘಟಕಗಳು ಇಲ್ಲಿ ತಲೆ ಎತ್ತಿದ್ದು. ತಿಂಡಿ ತಿನಿಸಿಗೂ ಲಿಪ್‌ಸ್ಟಿಕ್ಕಿಗೂ ಅದೇ ಬಣ್ಣ ಹೋಗುತ್ತದೆ. ಬಣ್ಣ ಬಿಡಿಸಲು ಹೆಕ್ಸೇನ್‌ನಂಥ ದ್ರಾವಕ ಬೇಕು. ಹೆಕ್ಸೇನ್ ಸೊನ್ನೆಗಿಂತ 22 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಗಾಳಿಯಲ್ಲಿ ಶೇ 1.1ರಷ್ಟು ಸೇರಿದರೆ ಸಾಕು, ಶೇ 7.5ರವರೆಗೂ ಅದು ಸಿಡಿಯುವ ಮಿಶ್ರಣ. ಹೊತ್ತಿಸಲು ಬೇಕಾದ ಕಿಡಿಯ ಶಕ್ತಿ ಸುಮಾರು 0.24 ಮಿಲಿಜೌಲ್. ನೈಲಾನ್ ಅಂಗಿ ತೆಗೆಯುವಾಗ ಚಟಪಟ ಎನ್ನುತ್ತದಲ್ಲ, ಆ ಕಿಡಿಯಲ್ಲಿ ಇದಕ್ಕಿಂತ ಹೆಚ್ಚಿನ ಶಕ್ತಿ ಇರಬಹುದು. ಇನ್ನೊಂದು ಸಂಗತಿ ಮನಸ್ಸಿನಲ್ಲಿಡು: ಹೆಕ್ಸೇನ್ ಆವಿ ಗಾಳಿಗಿಂತ ಮೂರು ಪಟ್ಟು ಭಾರ. ಮೇಲೇರುವುದಿಲ್ಲ, ನೀರಿನ ಹಾಗೆ ತಗ್ಗು ಹುಡುಕಿ ಹರಿಯುತ್ತದೆ. ಕೇಬಲ್ ಹಾಯಿಸುವ ಕಾಲುವೆಯಲ್ಲಿ ಇಳಿದು ಗೋಡೆಯಾಚೆಯ ಪ್ಯಾನೆಲ್ ಕೋಣೆಯನ್ನೂ ಸೇರಬಹುದು. ಆದ್ದರಿಂದ ಅಲ್ಲಿ ನೆತ್ತಿಯ ಮೇಲಿನ ದೀಪವಷ್ಟೇ ಅಲ್ಲ, ನೆಲದ ಹತ್ತಿರದ ಸಾಕೆಟ್, ಗುಂಡಿಯೊಳಗೆ ಇಳಿಬಿಡುವ ಕೈದೀಪ ಇವನ್ನೂ ಎಣಿಕೆಗೆ ತೆಗೆದುಕೊಳ್ಳಬೇಕು. ಕಾಲುವೆಯ ಬಾಯಿಯನ್ನು ಮರಳು ತುಂಬಿ ಮುಚ್ಚಿದ್ದಾರೋ ಇಲ್ಲವೋ ಬಗ್ಗಿ ನೋಡು.

ಈಗಿನ ಹುಡುಗರ ಬಾಯಲ್ಲಿ ಒಂದು ಮಾತು ಬಹಳ ಕೇಳುತ್ತೇನೆ: ‘ಎಲ್‌ಇಡಿ ತಣ್ಣಗಿರುತ್ತದೆ, ಅದರಿಂದ ಬೆಂಕಿ ಹತ್ತುವುದಿಲ್ಲ.’ ಇದು ಅರ್ಧ ನಿಜ, ಅದಕ್ಕೇ ಹೆಚ್ಚು ಅಪಾಯ. ಹಳೇ 200 ವಾಟ್ ಬಲ್ಬಿನ ಗಾಜು ಸುಡುತ್ತಿತ್ತು, ಎಲ್‌ಇಡಿಯ ಮುಂಭಾಗ ಹಾಗೆ ಸುಡುವುದಿಲ್ಲ, ಒಪ್ಪಿದೆ. ಆದರೆ ಅದರ ಶಾಖ ಹಿಂದಕ್ಕೆ, ಲೋಹದ ಮೈಗೆ ಹೋಗುತ್ತದೆ. ಅದರ ಜೊತೆಗೇ ಒಂದು ಡ್ರೈವರ್ ಇದೆ, ಅದರಲ್ಲಿ ಬೆಸುಗೆಗಳಿವೆ, ಕೆಪಾಸಿಟರ್‌ಗಳಿವೆ, ತಂತಿ ಸಿಕ್ಕಿಸುವ ಟರ್ಮಿನಲ್ ಇದೆ. ಸಡಿಲಾದ ಒಂದು ಟರ್ಮಿನಲ್ ಕೊಡುವ ಕಿಡಿಗೆ ಚಿಪ್ ತಣ್ಣಗಿದೆಯೋ ಬಿಸಿಯಿದೆಯೋ ಎಂಬ ಹಂಗಿಲ್ಲ.

ಇದಕ್ಕಿಂತ ದೊಡ್ಡ ಗೊಂದಲ ಐಪಿ65, ಐಪಿ66 ಎಂಬ ಗುರುತಿನದು. ಅದನ್ನು ತೋರಿಸಿ ‘ಇದು ಎಲ್ಲದಕ್ಕೂ ಆಗುತ್ತದೆ’ ಎಂದು ಮಾರುವವರಿದ್ದಾರೆ. ಐಪಿ ಅಂಕಿಯಲ್ಲಿ ಮೊದಲನೆಯದು ದೂಳಿನದು, ಎರಡನೆಯದು ನೀರಿನದು. ಅಷ್ಟೇ ಅದರ ಭರವಸೆ. ಆವಿಯನ್ನು ಅದು ತಡೆಯುವುದಿಲ್ಲ. ಒಳಗೆ ಸ್ಫೋಟವಾದರೆ ತಾಳಿಕೊಳ್ಳುತ್ತೇನೆ ಎಂದೂ ಹೇಳುವುದಿಲ್ಲ. ಫ್ಲೇಮ್‌ಪ್ರೂಫ್ ಎನ್ನುವುದೇ ಬೇರೆ ಲೆಕ್ಕ. ಆವಿ ಒಳಗೆ ಹೋಗಿಯೇ ಹೋಗುತ್ತದೆ, ಒಂದು ದಿನ ಒಳಗೇ ಸಿಡಿಯಲೂಬಹುದು ಎಂದು ಮೊದಲೇ ಒಪ್ಪಿಕೊಂಡು ಆ ಪೆಟ್ಟಿಗೆಯನ್ನು ಮಾಡಿರುತ್ತಾರೆ. ಗಟ್ಟಿ ಎರಕದ ಮೈ ಒಳಗಿನ ಹೊಡೆತ ತಾಳುತ್ತದೆ. ಮುಚ್ಚಳ ಮತ್ತು ಮೈ ಕೂಡುವಲ್ಲಿ ನುಣ್ಣಗೆ ಕಡೆದ ಅಗಲವಾದ ಅಂಚು ಇರುತ್ತದೆ. ಆ ಕೂದಲೆಳೆಯ ಸಂದಿಯಲ್ಲಿ ಹಾದು ಬರುವಷ್ಟರಲ್ಲಿ ಜ್ವಾಲೆಯ ಬಿಸಿಯನ್ನು ಲೋಹ ಹೀರಿಬಿಡುತ್ತದೆ. ಹೊರಗೆ ಬರುವ ಅನಿಲಕ್ಕೆ ಹೊತ್ತಿಸುವ ಕಸುವು ಉಳಿದಿರುವುದಿಲ್ಲ.

ಈ ಯುಕ್ತಿ ಇನ್ನೂರು ವರ್ಷ ಹಳೆಯದು. 1812ರಲ್ಲಿ ಇಂಗ್ಲೆಂಡಿನ ಫೆಲಿಂಗ್ ಕಲ್ಲಿದ್ದಲ ಗಣಿಯಲ್ಲಿ ಸ್ಫೋಟವಾಗಿ 92 ಜನ ಸತ್ತರು. ಅವರಲ್ಲಿ ಚಿಕ್ಕ ಹುಡುಗರೂ ಇದ್ದರು. ಅದಾಗಿ ಮೂರು ವರ್ಷಕ್ಕೆ, 1815ರಲ್ಲಿ, ಹಂಫ್ರಿ ಡೇವಿ ಎಂಬ ವಿಜ್ಞಾನಿ ದೀಪದ ಜ್ವಾಲೆಯ ಸುತ್ತ ಸಣ್ಣ ಕಣ್ಣಿನ ತಂತಿ ಜಾಳಿಗೆ ಸುತ್ತಿದ. ಜಾಳಿಗೆಯ ತಂತಿ ಬಿಸಿಯನ್ನು ಹೀರುವುದರಿಂದ ಒಳಗಿನ ಜ್ವಾಲೆ ಹೊರಗಿನ ಅನಿಲಕ್ಕೆ ತಾಗುತ್ತಿರಲಿಲ್ಲ. ನೀನು ಹಾಕಲಿರುವ ಎರಕದ ದೀಪ ನಿಂತಿರುವುದೂ ಅದೇ ತತ್ವದ ಮೇಲೆ. ಹಾಗಾಗಿ ಅದರ ಒಂದೊಂದು ಬೋಲ್ಟೂ ಲೆಕ್ಕದ್ದು. ಎಂಟು ಬೋಲ್ಟ್ ಇರುವಲ್ಲಿ ಆರು ಹಾಕಿ ‘ಗಟ್ಟಿಯಾಗಿದೆ’ ಎನ್ನುವ ಕೆಲಸಗಾರನನ್ನು ಏಣಿ ಹತ್ತಿಸಬೇಡ. ಆ ಅಂಚಿಗೆ ಬಣ್ಣ ಬಳಿಯಬಾರದು, ಸ್ಕ್ರೂಡ್ರೈವರ್ ಹಾಕಿ ಮೀಟಿ ಗೀರು ಮಾಡಬಾರದು. ಬಳಸದೆ ಬಿಟ್ಟ ಕೇಬಲ್ ತೂತಿಗೆ ಪ್ಲಾಸ್ಟಿಕ್ ಬಿರಡೆ ಸಲ್ಲದು, ಪ್ರಮಾಣಿತ ಲೋಹದ ಪ್ಲಗ್ಗೇ ಬೇಕು. ದೀಪಕ್ಕೆ ಸಾವಿರಾರು ರೂಪಾಯಿ ಕೊಟ್ಟು ಕೇಬಲ್ ಬಿಗಿಯುವ ಗ್ಲ್ಯಾಂಡ್ ಮಾತ್ರ ಸಾದಾ ಹಾಕಿದ್ದನ್ನು ಎಷ್ಟೋ ಕಡೆ ನೋಡಿದ್ದೇನೆ. ಆಗ ಅದು ಫ್ಲೇಮ್‌ಪ್ರೂಫ್ ದೀಪವಾಗಿ ಉಳಿಯುವುದಿಲ್ಲ.

ಹಳೇ ಫ್ಲೇಮ್‌ಪ್ರೂಫ್ ಗಾಜಿನ ದೀಪದೊಳಗಿನ ಮರ್ಕ್ಯುರಿ ಬಲ್ಬ್ ಬಿಚ್ಚಿ ಅದೇ ಹೋಲ್ಡರ್‌ಗೆ ಎಲ್‌ಇಡಿ ಬಲ್ಬ್ ತಿರುಗಿಸುವುದು ಇನ್ನೊಂದು ಚಾಳಿ. ಕಡಿಮೆ ಖರ್ಚು, ಅರ್ಧ ದಿನದ ಕೆಲಸ. ಆದರೆ ಪ್ರಮಾಣಪತ್ರ ಕೊಟ್ಟಿರುವುದು ಆ ಪೆಟ್ಟಿಗೆ, ಆ ಬಲ್ಬ್, ಆ ಶಾಖ ಎಲ್ಲ ಸೇರಿದ ಒಂದು ಘಟಕಕ್ಕೆ. ಒಳಗಿನದನ್ನು ಬದಲಿಸಿದ ಕ್ಷಣಕ್ಕೆ ಆ ಪತ್ರ ನಿನ್ನ ಬೆನ್ನಿಗೆ ನಿಲ್ಲುವುದಿಲ್ಲ. ಮಾಲೀಕರು ಎಷ್ಟು ಒತ್ತಾಯ ಮಾಡಿದರೂ ಇದೊಂದು ಮಾಡಬೇಡ.

ಯಾವ ಕೋಣೆ ಎಷ್ಟು ಅಪಾಯದ್ದು ಎಂದು ನೀನು ಕಣ್ಣಂದಾಜಿನಲ್ಲಿ ತೀರ್ಮಾನಿಸುವುದಲ್ಲ. ಆವಿ ಸದಾ ಇರುವ ಜಾಗ ಝೋನ್ 0, ಉದಾಹರಣೆಗೆ ಟ್ಯಾಂಕಿನ ಒಳಗು. ಕೆಲಸ ನಡೆಯುವಾಗ ಬರಬಹುದಾದ ಜಾಗ ಝೋನ್ 1. ಏನಾದರೂ ಕೆಟ್ಟರೆ ಮಾತ್ರ, ಅದೂ ಸ್ವಲ್ಪ ಹೊತ್ತು ಬರುವ ಜಾಗ ಝೋನ್ 2. ಈ ವಿಂಗಡಣೆಗೆ ಐಎಸ್ 5572 ಎಂಬ ಭಾರತೀಯ ಮಾನಕವಿದೆ, ಉಪಕರಣಗಳಿಗೆ ಐಎಸ್/ಐಇಸಿ 60079 ಸರಣಿ ಇದೆ. ಹೆಕ್ಸೇನ್ ಇಟ್ಟುಕೊಳ್ಳುವವರು 2002ರ ಪೆಟ್ರೋಲಿಯಂ ನಿಯಮಗಳ ಕೆಳಗೆ ಬರುತ್ತಾರೆ. ನಾಗಪುರದಲ್ಲಿ ಮುಖ್ಯ ಕಚೇರಿ ಇರುವ ಪೆಸೊ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ. ಆದ್ದರಿಂದ ಮೊದಲ ಭೇಟಿಯಲ್ಲೇ ಝೋನ್ ಗುರುತಿಸಿದ ನಕ್ಷೆ ಕೇಳು. ನಮ್ಮ 1948ರ ಕಾರ್ಖಾನೆ ಕಾಯ್ದೆಯೇ 37ನೇ ಕಲಮಿನಲ್ಲಿ ಸಿಡಿಯುವ ದೂಳು, ಅನಿಲ ಇರುವಲ್ಲಿ ಕಿಡಿಯ ಮೂಲಗಳನ್ನೆಲ್ಲ ದೂರವಿಡಬೇಕು ಇಲ್ಲವೇ ಭದ್ರವಾಗಿ ಮುಚ್ಚಬೇಕು ಎಂದಿತ್ತು. ಟ್ಯಾಂಕು, ಗುಂಡಿಯೊಳಗೆ ಒಯ್ಯುವ ಕೈದೀಪ ಸೂಕ್ತ ರಕ್ಷಣೆಯಿಲ್ಲದೆ 24 ವೋಲ್ಟ್ ಮೀರಬಾರದು ಎಂಬುದೂ ಆ ಕಾಯ್ದೆಯಲ್ಲಿತ್ತು. ಇದು ನಾನು ನಿನಗೆ ಹೊಸದಾಗಿ ಹೊರಿಸುತ್ತಿರುವ ಕಟ್ಟುನಿಟ್ಟಲ್ಲ.

ನಕ್ಷೆ ಸಿಕ್ಕ ಮೇಲೆ ದೀಪದ ಮೇಲಿನ ತಗಡಿನ ಪಟ್ಟಿ ಓದುವುದನ್ನು ಕಲಿ. ‘ಎಕ್ಸ್ ಡಿಬಿ ಐಐಎ ಟಿ3’ ಎಂದಿದ್ದರೆ ಡಿ ಎನ್ನುವುದು ಫ್ಲೇಮ್‌ಪ್ರೂಫ್ ಬಗೆ, ಐಐಎ ಅನಿಲದ ಗುಂಪು, ಟಿ3 ಎಂದರೆ ದೀಪದ ಮೈ 200 ಡಿಗ್ರಿ ಮೀರುವುದಿಲ್ಲ ಎಂಬ ಖಾತರಿ. ಹೆಕ್ಸೇನ್ ತಾನಾಗಿ ಹೊತ್ತಿಕೊಳ್ಳುವುದು ಸುಮಾರು 225 ಡಿಗ್ರಿಗೆ. ಹಾಗಾಗಿ ಅದಕ್ಕೆ ಟಿ3 ಸಾಕು. ಆದರೆ ಈ ‘ಸಾಕು’ ಎನ್ನುವುದು ಊರಿಂದೂರಿಗೆ ಬದಲಾಗುತ್ತದೆ. ರಾಣೆಬೆನ್ನೂರು ತಾಲ್ಲೂಕಿನದೇ ಕುಮಾರಪಟ್ಟಣಕ್ಕೆ ಹೋಗು. ತುಂಗಭದ್ರೆಯ ದಂಡೆಯಲ್ಲಿ ಗ್ರಾಸಿಮ್ ಕಾರ್ಖಾನೆ ವಿಸ್ಕೋಸ್ ನಾರು ಮಾಡುತ್ತದೆ. ವಿಸ್ಕೋಸ್ ಮಾಡಲು ಕಾರ್ಬನ್ ಡೈಸಲ್ಫೈಡ್ ಬೇಕು. ಅದು ತಾನಾಗಿ ಹೊತ್ತಿಕೊಳ್ಳುವುದು ಕೇವಲ 90 ಡಿಗ್ರಿಗೆ, ನೀರು ಕುದಿಯುವ ಬಿಸಿಗಿಂತಲೂ ಕೆಳಗೆ. ಕಿಡಿ ಬೇಕಾಗಿಯೇ ಇಲ್ಲ, ಬಿಸಿ ಕೊಳವೆ ಸಾಕು. ಅಂಥ ಆವಿಗೆ 85 ಡಿಗ್ರಿ ಮೀರದ ಟಿ6 ದೀಪವೇ ಬೇಕು, ಗುಂಪೂ ಅತ್ಯಂತ ಕಠಿಣವಾದ ಐಐಸಿ. ಬ್ಯಾಡಗಿಯ ಘಟಕಕ್ಕೆ ಸರಿಹೋದ ಟಿ3 ದೀಪವನ್ನು ಮೂವತ್ತು ನಲವತ್ತು ಕಿಲೋಮೀಟರ್ ಆಚೆ ಇಂಥ ಜಾಗದಲ್ಲಿ ಹಾಕಿದರೆ ಅದೇ ಬೆಂಕಿಯ ಮೂಲವಾಗಬಹುದು. ಇನ್ನೂ ಒಂದಿದೆ: ವಿಸ್ಕೋಸ್ ಪ್ರಕ್ರಿಯೆಯಲ್ಲಿ ಗಂಧಕದ ಅನಿಲಗಳು ಹೊಮ್ಮುತ್ತವೆ. ಎಲ್‌ಇಡಿ ಚಿಪ್ಪಿನೊಳಗಿನ ಬೆಳ್ಳಿಯ ಲೇಪವನ್ನು ಗಂಧಕ ಕಪ್ಪಾಗಿಸುತ್ತದೆ, ಬೆಳಕು ಮಂಕಾಗುತ್ತ ಹೋಗುತ್ತದೆ. ಅಂಥ ಕಡೆ ಗಂಧಕ ತಾಳುವ ಚಿಪ್ಪು, ಬಿಗಿಯಾಗಿ ಮುಚ್ಚಿದ ಮೈ ಎರಡನ್ನೂ ಕೇಳಿಯೇ ಕೊಳ್ಳಬೇಕು.

ಈಗ ದೂಳಿನ ಮಾತು. ಆವಿಗೆ ಹೆದರುವಷ್ಟು ನಮ್ಮವರು ದೂಳಿಗೆ ಹೆದರುವುದಿಲ್ಲ, ಕಣ್ಣಿಗೆ ದಿನಾ ಕಾಣುತ್ತದಲ್ಲ ಅದಕ್ಕೆ. ಖಾರದ ಪುಡಿ, ಗೋವಿನಜೋಳದ ಹಿಟ್ಟು, ಹತ್ತಿಯ ನವಿರು ಎಳೆ, ಸಕ್ಕರೆಯ ಪುಡಿ ಎಲ್ಲವೂ ಸುಡುವ ವಸ್ತುಗಳೇ. ರಾಶಿಯಾಗಿದ್ದಾಗ ಮೆಲ್ಲಗೆ ಕಮರುತ್ತವೆ, ಗಾಳಿಯಲ್ಲಿ ತೇಲುವಾಗ ಒಮ್ಮೆಗೇ ಹೊತ್ತಬಲ್ಲವು. 2008ರಲ್ಲಿ ಅಮೆರಿಕದ ಜಾರ್ಜಿಯಾದ ಇಂಪೀರಿಯಲ್ ಸಕ್ಕರೆ ಕಾರ್ಖಾನೆಯಲ್ಲಿ ಹೀಗೇ ಸಕ್ಕರೆ ದೂಳು ಸಿಡಿದು 14 ಜನ ಸತ್ತರು. ಮೊದಲ ಸ್ಫೋಟದ ಹೊಡೆತಕ್ಕೆ ತೊಲೆಗಳ ಮೇಲೆ, ಯಂತ್ರಗಳ ಮೇಲೆ ಕೂತಿದ್ದ ದೂಳೆಲ್ಲ ಎದ್ದು ಮುಂದಿನ ಸ್ಫೋಟಗಳಿಗೆ ಉರುವಲಾಯಿತು. ಆದ್ದರಿಂದ ದೂಳಿನ ಕೋಣೆಗೆ ದೀಪ ಆರಿಸುವಾಗ ಅದರ ತಲೆ ನೋಡು. ಎಲ್‌ಇಡಿಯ ಶಾಖ ಬಿಡಲು ಮೇಲೆ ರೆಕ್ಕೆ ರೆಕ್ಕೆಯಾಗಿ ಕಟ್ಟಿರುತ್ತಾರೆ. ಆ ಸಂದಿಗಳಲ್ಲಿ ಖಾರದ ಪುಡಿ ತುಂಬಿದರೆ ಶಾಖ ಹೊರಗೆ ಹೋಗುವುದಿಲ್ಲ. ದೀಪ ಕಾಯುತ್ತದೆ, ಪುಡಿಯೂ ಕಾಯುತ್ತದೆ. ಇಳಿಜಾರಿನ, ನುಣುಪು ತಲೆಯ, ದೂಳು ಜಾರಿಬೀಳುವ ಮಾದರಿಗಳು ಸಿಗುತ್ತವೆ, ಅವನ್ನೇ ಬರೆ.

ಲೆಕ್ಕವನ್ನೂ ಹೇಳಿಬಿಡುತ್ತೇನೆ. ತೇಲುವ ದೂಳು ಹೊತ್ತುವ ಉಷ್ಣತೆಯ ಮೂರನೇ ಎರಡು ಭಾಗವನ್ನು ದೀಪದ ಮೈ ಮೀರಬಾರದು. 5 ಮಿಲಿಮೀಟರ್ ದಪ್ಪ ಕೂತ ದೂಳು ಕಮರುವ ಉಷ್ಣತೆಗಿಂತ 75 ಡಿಗ್ರಿ ಕೆಳಗೇ ಇರಬೇಕು. ಎರಡರಲ್ಲಿ ಯಾವುದು ಕಡಿಮೆಯೋ ಅದೇ ಮಿತಿ. ದಪ್ಪ ಹೆಚ್ಚಿದಂತೆ ಮಿತಿ ಇನ್ನೂ ಇಳಿಯುತ್ತದೆ. ಆ ಪುಡಿ ಹೊತ್ತುವ, ಕಮರುವ ಉಷ್ಣತೆ ಎಷ್ಟು ಎಂಬುದನ್ನು ಪರೀಕ್ಷೆ ಮಾಡಿಸಿದ ಕಾಗದದಲ್ಲಿ ನೋಡಬೇಕು, ಊಹೆ ಕೂಡದು. ದೂಳಿಗೆ ಬೇರೆಯೇ ಝೋನ್‌ಗಳಿವೆ, 20, 21, 22. ಗುಂಪುಗಳೂ ಬೇರೆ: ಜಿನ್ನಿಂಗ್ ಮಿಲ್ಲಿನ ಹತ್ತಿ ಎಳೆಗೆ ಐಐಐಎ, ಹಿಟ್ಟು ಪುಡಿಗಳಿಗೆ ಐಐಐಬಿ. ಆವಿಗೆ ಪ್ರಮಾಣಿಸಿದ ದೀಪ ದೂಳಿಗೂ ನಡೆಯುತ್ತದೆ ಎಂದು ತಿಳಿಯಬೇಡ; ಪಟ್ಟಿಯಲ್ಲಿ ಎರಡೂ ಗುರುತು ಇದ್ದರೆ ಮಾತ್ರ ನಡೆಯುತ್ತದೆ.

ಕೋಲ್ಡ್ ಸ್ಟೋರೇಜಿಗೆ ಬಂದರೆ ಎಲ್ಲ ತಲೆಕೆಳಗು. ಅಮೋನಿಯಾ ಗಾಳಿಗಿಂತ ಹಗುರ, ಸೋರಿದರೆ ದೀಪ ಇರುವ ಸೂರಿಗೇ ಏರುತ್ತದೆ. ಶೇ 15ರ ಮೇಲೆ ಸೇರಿದರೆ ಮಾತ್ರ ಹೊತ್ತುತ್ತದೆ. ಅಷ್ಟರೊಳಗೆ ಮನುಷ್ಯ ಅಲ್ಲಿ ನಿಲ್ಲಲಾರ. ಆದರೆ ಸ್ವಲ್ಪವೇ ಸೋರುತ್ತಿದ್ದರೂ ತಾಮ್ರ, ಹಿತ್ತಾಳೆಯನ್ನು ಅದು ತಿನ್ನುತ್ತದೆ. ಯಂತ್ರದ ಕೋಣೆಯಲ್ಲಿ ಬರೀ ಹಿತ್ತಾಳೆಯ ಗ್ಲ್ಯಾಂಡ್ ಹಾಕಬೇಡ. ಮೆಣಸಿನಕಾಯಿ ಚೀಲ ಪೇರಿಸಿದ ತಂಪು ಕೋಣೆಗಳಲ್ಲಿ ಎಲ್‌ಇಡಿಗೆ ಚಳಿ ಒಳ್ಳೆಯದೇ, ಶತ್ರು ಎಂದರೆ ಬೆವರು. ಬಾಗಿಲು ತೆರೆದಾಗಲೆಲ್ಲ ಹೊರಗಿನ ಬೆಚ್ಚನೆ ಗಾಳಿ ನುಗ್ಗಿ ದೀಪದೊಳಗೆ ಹನಿಗಟ್ಟುತ್ತದೆ. ಉಸಿರಾಡುವ ಸಣ್ಣ ವೆಂಟ್ ಇರುವ ದೀಪ ಕೇಳು. ಗೋದಾಮಿನಲ್ಲಿ ಹುಳಕ್ಕೆ ಗುಳಿಗೆ ಇಡುತ್ತಾರೆ ನೋಡು, ಅದರಿಂದ ಬರುವ ಫಾಸ್ಫೀನ್ ತಾಮ್ರವನ್ನು ಕೆಡಿಸುತ್ತದೆ, ಡ್ರೈವರ್ ಒಳಗಿನ ಬೆಸುಗೆಯನ್ನೂ ಬಿಡುವುದಿಲ್ಲ. ಬೀಜದ, ಜೋಳದ ಗೋದಾಮುಗಳಲ್ಲಿ ದೀಪ ಯಾಕೆ ಬೇಗ ಸಾಯುತ್ತದೆ ಎಂದು ಕೇಳಿದರೆ ಮೊದಲು ಇದನ್ನೇ ಅನುಮಾನಿಸು. ಡ್ರೈವರನ್ನು ಗೋದಾಮಿನ ಹೊರಗೋಡೆಗೆ ಹಾಕಲು ಬಂದರೆ ಹಾಗೆಯೇ ಮಾಡು.

ನಮ್ಮ ಕಡೆಯ ಬಿಸಿಲನ್ನು ಮರೆತು ದೀಪ ಕೊಳ್ಳಬಾರದು. ಪಟ್ಟಿಯ ಮೇಲೆ ಬೇರೆ ಏನೂ ಬರೆಯದಿದ್ದರೆ ಆ ದೀಪ 40 ಡಿಗ್ರಿ ಸುತ್ತಣ ಬಿಸಿಯವರೆಗೆ ಮಾತ್ರ ಪ್ರಮಾಣಿತ. ಏಪ್ರಿಲ್ ಮಧ್ಯಾಹ್ನ ತಗಡಿನ ಶೀಟಿನ ಕೆಳಗೆ ಒಂದು ಉಷ್ಣಮಾಪಕ ತೂಗುಹಾಕಿ ನೋಡು, 40 ದಾಟಿರುತ್ತದೆ. 50 ಇಲ್ಲವೇ 55 ಡಿಗ್ರಿ ಎಂದು ಬರೆದ ದೀಪ ಬೇಕು. ಡಬ್ಬಿಯ ಮೇಲೆ 50,000 ತಾಸು ಎಂದಿರುವುದನ್ನು ದಿನಕ್ಕೆ 12 ತಾಸಿನಂತೆ ಭಾಗಿಸಿ ಹನ್ನೊಂದು ವರ್ಷ ಎಂದು ಮಾಲೀಕರಿಗೆ ಮಾತು ಕೊಡಬೇಡ. ಅದು ಚಿಪ್ಪಿನ ಬೆಳಕು ಶೇ 70ಕ್ಕೆ ಇಳಿಯುವವರೆಗಿನ ಲೆಕ್ಕ. ಡ್ರೈವರಿನ ಕೆಪಾಸಿಟರ್ ಪ್ರತಿ 10 ಡಿಗ್ರಿ ಹೆಚ್ಚಿನ ಬಿಸಿಗೆ ಹತ್ತಿರ ಹತ್ತಿರ ಅರ್ಧ ಆಯುಷ್ಯ ಕಳೆದುಕೊಳ್ಳುತ್ತದೆ. ಮುಂಗಾರಿಗೆ ಮೊದಲಿನ ಗುಡುಗು ಸಿಡಿಲಿಗೆ, ನ್ಯೂಟ್ರಲ್ ಕಡಿದು ಮೇಲೇರುವ ವೋಲ್ಟೇಜಿಗೆ ಆ ಡ್ರೈವರೇ ಮೊದಲ ಬಲಿ. ಮುಖ್ಯ ಪ್ಯಾನೆಲ್ಲಿಗೆ ಸರ್ಜ್ ರಕ್ಷಕ, ಒಳ್ಳೆಯ ಅರ್ಥಿಂಗ್ ಇಲ್ಲದೆ ದುಬಾರಿ ದೀಪ ಹಾಕುವುದು ದುಡ್ಡು ನೀರಿಗೆ ಹಾಕಿದ ಹಾಗೆಯೇ. ಎಲ್‌ಇಡಿಯ ಒಂದು ಗುಣವನ್ನು ಮಾತ್ರ ನಾನು ಎಷ್ಟು ಹೊಗಳಿದರೂ ಕಡಿಮೆ: ಕರೆಂಟ್ ಹೋಗಿ ಬಂದರೆ ಹಳೇ ಮೆಟಲ್ ಹಾಲೈಡ್, ಸೋಡಿಯಂ ದೀಪಗಳು ಮತ್ತೆ ಬೆಳಗಲು ಕೆಲವು ನಿಮಿಷ ಕಾಯಿಸುತ್ತಿದ್ದವು. ಯಂತ್ರ ತಿರುಗುತ್ತಿದೆ, ಸುತ್ತ ಕತ್ತಲೆ. ಹಮಾಲರು ಹೊತ್ತ ಚೀಲದೊಂದಿಗೆ ನಿಂತಲ್ಲೇ ನಿಲ್ಲಬೇಕಿತ್ತು. ಆ ನಿಮಿಷಗಳು ಈಗಿಲ್ಲ.

ಬ್ಯಾಡಗಿಗೇ ವಿಶೇಷವಾದ ಮಾತು ಕೆಂಪಿನದು. ಮಾಲು ಬೆಲೆ ಕಾಣುವುದು ಬಣ್ಣದಲ್ಲಿ. ಡಬ್ಬಿ ತಳಿಯೋ ಕಡ್ಡಿ ತಳಿಯೋ, ಹೊಸದೋ ಕಳೆದ ವರ್ಷದ್ದೋ, ಬೂಷ್ಟು ಹಿಡಿದಿದೆಯೋ ಎಲ್ಲವನ್ನೂ ಕಣ್ಣೇ ನೋಡಬೇಕು. ಅಗ್ಗದ ಎಲ್‌ಇಡಿಯ ಬೆಳಕಿನಲ್ಲಿ ನೀಲಿ ಹೆಚ್ಚು, ಗಾಢ ಕೆಂಪು ಕಡಿಮೆ. ಅದರ ಕೆಳಗೆ ಒಳ್ಳೆಯ ಕಾಯಿಯೂ ಕಂದಿ ಕಪ್ಪಾಗಿ ಕಾಣುತ್ತದೆ. ಬೆಳಕಿನಲ್ಲಿ ಬಣ್ಣ ಎಷ್ಟು ಸರಿಯಾಗಿ ಕಾಣುತ್ತದೆ ಎಂಬುದರ ಅಳತೆ ಸಿಆರ್‌ಐ. ಅಂಗಡಿಯವರು ‘ಸಿಆರ್‌ಐ 80 ಇದೆ’ ಎನ್ನುತ್ತಾರೆ. ಆ 80 ಬರುವುದು ಎಂಟು ತಿಳಿ ಬಣ್ಣಗಳ ಸರಾಸರಿಯಿಂದ. ಗಾಢ ಕೆಂಪು ಅದರಲ್ಲಿ ಸೇರಿಯೇ ಇಲ್ಲ. ಅದಕ್ಕೆ ಆರ್9 ಎಂಬ ಬೇರೆ ಅಂಕಿ ಇದೆ, ಸಿಆರ್‌ಐ 80 ಇರುವ ದೀಪದ ಆರ್9 ಸೊನ್ನೆಯ ಹತ್ತಿರವೂ ಇರಬಹುದು. ತುಂಬು ಬಿಡಿಸುವಲ್ಲಿ, ಕಾಯಿ ವಿಂಗಡಿಸುವಲ್ಲಿ ಸಿಆರ್‌ಐ 90ರ ಮೇಲಿನ, ಆರ್9 ಅಂಕಿ ಬರೆದುಕೊಟ್ಟ ದೀಪವನ್ನೇ ಹಾಕು. ರೈತನ ವರ್ಷದ ದುಡಿಮೆ ಆ ಬೆಳಕಿನ ಕೆಳಗೆ ತೂಗುತ್ತದೆ. ಅಲ್ಲಿ ಮಂಕು ದೀಪ ಹಾಕುವುದು ತಕ್ಕಡಿಯಲ್ಲಿ ಮೋಸ ಮಾಡಿದ್ದಕ್ಕಿಂತ ಕಡಿಮೆಯೇನಲ್ಲ ಎಂದು ನಾನು ನಂಬುತ್ತೇನೆ.

ಗಿರಣಿಯ ತಿರುಗುವ ಗಾಲಿಗಳ ಮೇಲೆ ಹಾಕುವ ದೀಪದಲ್ಲಿ ಮಿಣುಕು ಇರಕೂಡದು. ಕೆಟ್ಟ ಡ್ರೈವರ್ ಸೆಕೆಂಡಿಗೆ 100 ಸಲ ಮಿಣುಕುತ್ತದೆ, ಕಣ್ಣಿಗೆ ತಿಳಿಯುವುದಿಲ್ಲ. ನಿಮಿಷಕ್ಕೆ 1,500 ಸುತ್ತು ತಿರುಗುವ ನಾಲ್ಕು ಕಡ್ಡಿಯ ಪುಲ್ಲಿ ಆ ಬೆಳಕಿನಲ್ಲಿ ನಿಂತಂತೆ ಕಾಣಬಲ್ಲದು. ನಿಂತಿದೆ ಎಂದು ಕೈ ಹಾಕಿದವನ ಗತಿ ಏನು? ಕೊಳ್ಳುವ ಮೊದಲು ಮೊಬೈಲ್ ಕ್ಯಾಮೆರಾ ಹಿಡಿದು ನೋಡು. ಪರದೆಯ ಮೇಲೆ ಪಟ್ಟೆ ಓಡಿದರೆ ಆ ದೀಪ ಬೇಡ.

ದೀಪ ಹಾಕಿದ ಮೇಲೂ ಕೆಲಸ ಇದೆ. ಆವಿ, ದೂಳು ಇರುವಲ್ಲಿ ಪ್ಲಾಸ್ಟಿಕ್ ಮುಚ್ಚಳವನ್ನು ಒಣ ಬಟ್ಟೆಯಿಂದ ಉಜ್ಜಬಾರದು, ಉಜ್ಜಿದ ಸ್ಥಿರವಿದ್ಯುತ್ತೇ ಕಿಡಿಯಾದೀತು. ಒದ್ದೆ ಬಟ್ಟೆಯಿಂದ ಒರೆಸಲು ಹೇಳು. ಕರೆಂಟ್ ಬಂದ್ ಮಾಡದೆ ಮುಚ್ಚಳ ತೆಗೆಯಬಾರದು. ದೀಪ ಕೆಟ್ಟಿತೆಂದು ಮೊಬೈಲ್ ಟಾರ್ಚ್ ಹಿಡಿದು ದ್ರಾವಕದ ಕೋಣೆಗೆ ನುಗ್ಗುವುದನ್ನು ಕಂಡರೆ ಅಲ್ಲೇ ತಡೆ; ಅಲ್ಲಿಗೆ ಪ್ರಮಾಣಿತ ಕೈದೀಪ ಎರಡಾದರೂ ನಿನ್ನ ಕೊಟೇಶನ್‌ನಲ್ಲಿ ಇರಲಿ. ನಿನ್ನ ಕೆಲಸಗಾರರು ಬ್ರಾಕೆಟ್ ಬೆಸೆಯುವುದಿದ್ದರೆ ಹೊರಗೆ ಬೆಸೆದು ತರಲಿ. 2023ರ ಆಗಸ್ಟ್ ಕೊನೆಯಲ್ಲಿ ಹಾವೇರಿ ಪಕ್ಕದ ಆಲದಕಟ್ಟಿಯ ಪಟಾಕಿ ಗೋದಾಮು ಹೊತ್ತಿ ಉರಿದು ದುಡಿಯಲು ಹೋದ ಕೆಲವರು ಮರಳಿ ಬರಲಿಲ್ಲ. ವೆಲ್ಡಿಂಗ್ ಕಿಡಿ ಹಾರಿತೆಂದು ಆಗ ವರದಿಯಾಯಿತು. ಅದು ನಮ್ಮ ಮನೆ ಬಾಗಿಲಲ್ಲೇ ನಡೆದದ್ದು.

ಕೊನೆಗೆ ಹಣದ ಮಾತು. 250 ವಾಟ್‌ನ ಹಳೇ ದೀಪದ ಜಾಗದಲ್ಲಿ 100–120 ವಾಟ್‌ನ ಎಲ್‌ಇಡಿ ಸಾಕಾಗುತ್ತದೆ, ಉಳಿತಾಯ ನಿಜ, ಅದನ್ನು ಮಾಲೀಕರಿಗೆ ಬಿಡಿಸಿ ತೋರಿಸು. ಪ್ರಮಾಣಿತ ದೀಪದ ಬೆಲೆ ಕೇಳಿ ಅವರು ಹಿಂಜರಿದರೆ ದೀಪದ ದರ್ಜೆ ಇಳಿಸಬೇಡ, ಕೆಲಸವನ್ನು ಎರಡು ಮೂರು ಕಂತು ಮಾಡು. ಸಾಮಾನ್ಯವಾಗಿ ಎಲ್ಲರೂ ಗೇಟು, ಕಚೇರಿ, ಅಂಗಳದಿಂದ ಶುರು ಮಾಡುತ್ತಾರೆ, ನಾಲ್ಕು ಜನಕ್ಕೆ ಕಾಣಲಿ ಎಂದು. ನೀನು ದ್ರಾವಕದ ಕೋಣೆಯಿಂದ ಶುರು ಮಾಡು, ಆಮೇಲೆ ಪುಡಿಯ ಕೋಣೆ, ಆಮೇಲೆ ವಿಂಗಡಿಸುವ ಕಟ್ಟೆ. ಗೇಟಿನ ದೀಪ ಮುಂದಿನ ವರ್ಷಕ್ಕೂ ಆಗುತ್ತದೆ. ಪ್ರತಿ ದೀಪದ ಪ್ರಮಾಣಪತ್ರದ ಪ್ರತಿ, ಎಲ್ಲಿ ಯಾವುದು ತೂಗಿದೆ ಎಂಬ ಪಟ್ಟಿ ಎರಡನ್ನೂ ಒಂದು ಫೈಲಿನಲ್ಲಿಟ್ಟು ಅವರಿಗೊಂದು ಕೊಡು, ನಿನ್ನಲ್ಲೊಂದು ಇಟ್ಟುಕೋ. ಸೋಮವಾರ, ಗುರುವಾರ ಮಾರುಕಟ್ಟೆಯ ಮೆಣಸಿನಕಾಯಿ ಟೆಂಡರಿನ ಗದ್ದಲದಲ್ಲಿ ಮಾಲೀಕರು ಮಾತಿಗೆ ಸಿಗುವುದಿಲ್ಲ. ಮಂಗಳವಾರ ಬೆಳಿಗ್ಗೆ ಹೋಗು. ಝೋನ್ ನಕ್ಷೆ ಕೇಳು. ಇಲ್ಲ ಎಂದರೆ ಮೊದಲು ಅದನ್ನು ಮಾಡಿಸಿ ಎಂದು ಹೇಳಿ ಬಾ, ನಾನೂ ಬೇಕಾದರೆ ಜೊತೆಗೆ ಬರುತ್ತೇನೆ.